ಮುಮ್ತಾಜ್ ಏನು ತಿನ್ನುತ್ತಿದ್ದಾಳೆಂದು ನೀವು ಕೇಳಲೇ ಇಲ್ಲ

ಮಾನ್ಯ ಆರೋಗ್ಯಸೇವಾ ಮೇಲ್ವಿಚಾರಣೆಯ ಅಧಿಕಾರಿಗಳೇ,

ನನ್ನ ಹೆಂಡತಿ ಮುಮ್ತಾಜ್ ಕಳೆದ ವರ್ಷ, ಅಂದರೆ ೨೦೦೮ರ ವಸಂತದಲ್ಲಿ, ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆಂದು ನಿಮ್ಮ ಗುತ್ತಿಗೆಯ ಕೇಂದ್ರಕ್ಕೆ ತನ್ನ ಕಾಲಮೇಲೆ ನಡೆದು ಹೋದಳು. ಇವತ್ತು ಅಡುಗೆಮನೆಯಿಂದ ಬಚ್ಚಲಿಗೆ ಹೋಗಬೇಕಾದರೂ ಗೋಡೆ ಹಿಡಿಯುತ್ತಾಳೆ. ಬೆಳಿಗ್ಗೆ ಏನು ತಿಂದೆ ಎಂದು ಮಧ್ಯಾಹ್ನ ಕೇಳಿದರೆ ಯೋಚಿಸಿ ಯೋಚಿಸಿ ಯಾವುದೋ ಹಳೆಯ ಮದುವೆಯ ಊಟದ ಬಗ್ಗೆ ಹೇಳುತ್ತಾಳೆ. ವೈದ್ಯರ ಕತ್ತಿ ತಪ್ಪಿ ಹೀಗಾಗಿದ್ದರೆ ಹಣೆಬರಹ ಎಂದು ಸುಮ್ಮನಾಗುತ್ತಿದ್ದೆನೇನೋ. ಕತ್ತಿ ತಪ್ಪಲಿಲ್ಲ. ಒಂದು ವಿಟಮಿನ್ ಅವಳ ಮೈಗೆ ಸೇರಲಿಲ್ಲ, ಸೇರುತ್ತಿಲ್ಲ ಎಂಬುದನ್ನು ನಿಮ್ಮವರು ಯಾರೂ ಗಮನಿಸಲಿಲ್ಲ. ನಾನು ದೂರು ಕೊಟ್ಟೆ. ತಾವು ಉತ್ತರ ದಯಪಾಲಿಸಿದಿರಿ: "ಆರೈಕೆಯು ನಿಯಮಾನುಸಾರವಾಗಿಯೇ ನಡೆದಿದೆ. ರೋಗಿಯು ಸಾಂಸ್ಕೃತಿಕ ಕಾರಣಗಳಿಂದ ವಿಟಮಿನ್ ಸೇವನೆಯನ್ನು ನಿರಾಕರಿಸಿರುತ್ತಾರೆ. ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ." ಆಹಾ! ಮೂರೇ ವಾಕ್ಯದಲ್ಲಿ ಕೈ ತೊಳೆದುಕೊಂಡುಬಿಟ್ಟಿರಿ.

ಇದನ್ನು ಕನ್ನಡದಲ್ಲಿ ಏಕೆ ಬರೆಯುತ್ತಿದ್ದೇನೆ ಎಂದು ನೀವು ಕೇಳಬಹುದು. ಸ್ವೀಡಿಷ್‌ನಲ್ಲಿ ಬರೆದು ನೋಡಿಯಾಯಿತು ಸ್ವಾಮಿ. ಒಮ್ಮೆ ವಿನಯದಿಂದ ಬರೆದೆ, ಒಮ್ಮೆ ಇನ್ನೂ ಹೆಚ್ಚು ವಿನಯದಿಂದ ಬರೆದೆ. ಎರಡು ಸಲವೂ ಅದೇ ಮೂರು ವಾಕ್ಯ ಬಂತು. ಈಗ ನಮ್ಮ ಕನ್ನಡ ಬಳಗದ ಪತ್ರಿಕೆಯಲ್ಲಿ, ನಮ್ಮ ಜನ ಓದಲಿ ಎಂದು, ನನ್ನ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಸಿಟ್ಟು ಮಾಡುವುದಕ್ಕೆ ನನಗೆ ಇದೇ ಭಾಷೆ ಸರಿ. ಒಂದು ಪ್ರತಿ ನಿಮಗೂ ಅಂಚೆಯಲ್ಲಿ ಬರುತ್ತದೆ. ಅರ್ಥವಾಗದಿದ್ದರೆ ಅನುವಾದಕರನ್ನು ಕರೆಸಿಕೊಳ್ಳಿ. ಅಗತ್ಯವಿದ್ದವರಿಗೆ ಅನುವಾದಕರನ್ನು ಒದಗಿಸುವುದು ನಮ್ಮ ಕರ್ತವ್ಯ ಎಂದು ನಿಮ್ಮ ಜಾಲತಾಣದಲ್ಲಿ ನೀವೇ ಬರೆದುಕೊಂಡಿದ್ದೀರಿ. ನನ್ನ ಹೆಂಡತಿಗಂತೂ ಒಬ್ಬರೂ ಬರಲಿಲ್ಲ. ನಿಮಗಾದರೂ ಬರಲಿ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಈ ಶಸ್ತ್ರಚಿಕಿತ್ಸೆಯ ವಿರೋಧಿಯಲ್ಲ. ಹೊಟ್ಟೆ ಕೊಯ್ಯಿಸಿಕೊಂಡು ಸಣ್ಣಗಾಗುವುದು ಸೋಮಾರಿಗಳ ಕೆಲಸ, ಬಾಯಿ ಕಟ್ಟಿದರೆ ಸಾಲದೇ ಎಂದು ನಮ್ಮವರಲ್ಲೇ ಎಷ್ಟೋ ಜನ ಮೂಗು ಮುರಿಯುತ್ತಾರೆ. ಅವರಿಗೆ ಮುಮ್ತಾಜಳ ಕಷ್ಟ ಗೊತ್ತಿಲ್ಲ. ಬಾಯಿ ಕಟ್ಟುವುದರಲ್ಲಿ ಅವಳಿಗಿಂತ ಗಟ್ಟಿಗರನ್ನು ನಾನು ನೋಡಿಲ್ಲ. ಏನು ಬಿಟ್ಟರೂ, ಎಷ್ಟು ನಡೆದರೂ ತೂಕ ಇಳಿಯಲಿಲ್ಲ, ಸಕ್ಕರೆ ಇಳಿಯಲಿಲ್ಲ. ಅವಳ ತಾಯಿ ದಾವಣಗೆರೆಯಲ್ಲಿ ಇದೇ ಸಕ್ಕರೆಯಿಂದ ಒಂದು ಕಾಲು ಕಳೆದುಕೊಂಡರು. ಅದನ್ನು ಕಣ್ಣಾರೆ ಕಂಡವಳು ಇವಳು. ಇಲ್ಲಿ ಸ್ವೀಡನ್ನಿನ ವೆಸ್ಟೆರಾಸ್ ಊರಿನ ಒಂದು ಡಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಸಹಾಯಕಿಯಾಗಿದ್ದಳು. ಚಳಿಗಾಲದಲ್ಲಿ ಮಕ್ಕಳ ಬೂಟು, ಮೇಲಂಗಿ, ಕೈಗವಸು ಎಲ್ಲ ಹಾಕಿಸಲು ಬಗ್ಗಿದರೆ ಏಳುವುದಕ್ಕೆ ಇನ್ನೊಬ್ಬರು ಕೈ ಕೊಡಬೇಕಿತ್ತು. ಅದಕ್ಕಿಂತ ಅವಳಿಗೆ ನೋವಾಗುತ್ತಿದ್ದುದು ನಮಾಜಿನ ವಿಷಯಕ್ಕೆ. ಮಂಡಿ ನೋವಿನಿಂದ ಕುರ್ಚಿಯಲ್ಲಿ ಕುಳಿತೇ ನಮಾಜು ಮಾಡಬೇಕಾಗಿತ್ತು. "ರೀ, ಒಂದೇ ಒಂದು ಸಲ ನೆಲಕ್ಕೆ ಹಣೆ ಮುಟ್ಟಿಸಿ ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತರೆ ಸಾಕು" ಎನ್ನುತ್ತಿದ್ದಳು. ಅದಕ್ಕಾಗಿ ಹೋದಳು. ಚಂದ ಕಾಣಬೇಕೆಂದಲ್ಲ.

ಶಸ್ತ್ರಚಿಕಿತ್ಸೆಗೆ ಮೊದಲು ಕೇಂದ್ರದವರು ಒಂದು ಮಾಹಿತಿ ಸಭೆ ಇಟ್ಟಿದ್ದರು. ದೊಡ್ಡ ಕೋಣೆ, ಸಾಲು ಕುರ್ಚಿ, ಪರದೆಯ ಮೇಲೆ ಚಿತ್ರಗಳು. ಜಠರವನ್ನು ಮೊಟ್ಟೆಯಷ್ಟಕ್ಕೆ ಇಳಿಸಿ ಕರುಳಿಗೆ ನೇರವಾಗಿ ಜೋಡಿಸುವುದು ಹೇಗೆಂದು ವೈದ್ಯರು ಬಹಳ ಚೆನ್ನಾಗಿ ವಿವರಿಸಿದರು. ಆಮೇಲೆ ಆಹಾರತಜ್ಞೆ ಬಂದರು. ಕೈಗೊಂದು ಹಾಳೆ ಕೊಟ್ಟರು. ಮೊದಲು ದ್ರವ, ಆಮೇಲೆ ರುಬ್ಬಿದ ಮೀನು, ಆಮೇಲೆ ರುಬ್ಬಿದ ಮಾಂಸದ ಸಾರು, ಕಬ್ಬಿಣಾಂಶಕ್ಕಾಗಿ ರಕ್ತದ ಕಡುಬು. ಹೌದು, ಹಂದಿಯ ರಕ್ತದ ಕಡುಬು! ಅದನ್ನು ಒಬ್ಬ ಮುಸ್ಲಿಂ ಹೆಂಗಸಿನ ಕೈಗೆ ನಗುನಗುತ್ತಾ ಕೊಟ್ಟರು. ನಾವು ಕೋಪಿಸಿಕೊಳ್ಳಲಿಲ್ಲ. ಪರದೇಶದಲ್ಲಿ ಇಂಥದಕ್ಕೆಲ್ಲ ಕೋಪಿಸಿಕೊಳ್ಳುತ್ತಾ ಕೂತರೆ ಜೀವನ ಸಾಗುವುದಿಲ್ಲ. "ಇದನ್ನು ಬಿಟ್ಟು ಮಿಕ್ಕಿದ್ದು ತಿಂತೀನಿ ಬಿಡಿ" ಎಂದು ಮುಮ್ತಾಜ್ ನಕ್ಕಳು. ಆದರೆ ಹಾಳೆಯ ಕೊನೆಯಲ್ಲಿ "ವಿಟಮಿನ್ ಮಾತ್ರೆ ತೆಗೆದುಕೊಳ್ಳುವುದು ಒಳ್ಳೆಯದು" ಎಂದಿತ್ತು. ಒಳ್ಳೆಯದು! ದಿನಾ ವಾಕಿಂಗ್ ಹೋಗುವುದು ಒಳ್ಳೆಯದು, ಸೇಬು ತಿನ್ನುವುದು ಒಳ್ಳೆಯದು, ಆ ಧಾಟಿಯಲ್ಲಿ.

ಇಲ್ಲಿಗೆ ಬಂದ ನಮ್ಮ ಜನ ಸ್ವೀಡಿಷ್‌ನಲ್ಲಿ "ನಮಸ್ಕಾರ, ಹೇಗಿದ್ದೀರಿ" ಕಲಿಯುವ ಮೊದಲೇ ಒಂದು ಪದ ಕಲಿಯುತ್ತಾರೆ: ಗೆಲಾಟಿನ್, ಅಂದರೆ ಪ್ರಾಣಿಯ ಚರ್ಮ ಮೂಳೆಯಿಂದ ತೆಗೆದ ಅಂಟು. ಅಂಗಡಿಯಲ್ಲಿ ಮೊಸರಿನ ಡಬ್ಬಿ, ಮಕ್ಕಳ ಮಿಠಾಯಿ, ಕೇಕು, ಏನೇ ಕೊಂಡರೂ ಹಿಂದೆ ತಿರುಗಿಸಿ ಸಣ್ಣಕ್ಷರ ಓದುವುದು ನಮ್ಮ ರೂಢಿ. ನಮಗೆ ಹಂದಿಯದಾಗಿರಬಾರದು. ಸಸ್ಯಾಹಾರಿ ಹಿಂದೂ ಸ್ನೇಹಿತರಿಗೆ ಯಾವ ಪ್ರಾಣಿಯದೂ ಆಗಬಾರದು. ಬಳಗದ ಸಮಾರಂಭದಲ್ಲಿ ಹೆಂಗಸರು ಸೇರಿದರೆ ಸೀರೆಯ ಮಾತು ಮುಗಿದ ಮೇಲೆ ಯಾವ ಕಂಪನಿಯ ಬಿಸ್ಕತ್ತಿನಲ್ಲಿ ಏನಿದೆ ಎಂಬ ಮಾತೇ. ಅಂಥ ಮುಮ್ತಾಜ್, ಆ ಸಭೆಯಲ್ಲಿ ಎದ್ದು ನಿಂತು, ಸಂಜೆ ಶಾಲೆಯಲ್ಲಿ ಕಲಿತ ಮುರುಕು ಸ್ವೀಡಿಷ್‌ನಲ್ಲಿ ಕೇಳಿದಳು: "ಈ ಮಾತ್ರೆಯಲ್ಲಿ ಹಂದಿಯದು ಇದೆಯೇ?" ಕೆಲವರು ನಕ್ಕರು. ಆಹಾರತಜ್ಞೆಯೂ ಮುಗುಳ್ನಕ್ಕು, "ಅಯ್ಯೋ, ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡಿ, ಇದು ಔಷಧಿ ಅಷ್ಟೆ" ಎಂದು ಮುಂದಿನ ಪ್ರಶ್ನೆಗೆ ಹೋದರು. ಫಿಕಾ, ಅಂದರೆ ಕಾಫಿ ವಿರಾಮದ ಹೊತ್ತಾಗಿತ್ತು. ಕಾಫಿ ತಣ್ಣಗಾಗಬಾರದು ನೋಡಿ.

ಬರುವ ದಾರಿಯಲ್ಲಿ ಔಷಧಿ ಅಂಗಡಿಯಿಂದ ಕೊಂಡು ತಂದ ಆ ಮಾತ್ರೆಯ ಡಬ್ಬಿಯನ್ನು ಮನೆಯಲ್ಲಿ ಮುಮ್ತಾಜ್ ತಿರುಗಿಸಿ ಓದಿದಳು. ಗೆಲಾಟಿನ್ ಇತ್ತು. ಮುಚ್ಚಳ ಹಾಕಿ ಕಪಾಟಿನಲ್ಲಿಟ್ಟಳು. ಕೇಂದ್ರಕ್ಕೆ ಫೋನು ಮಾಡಿ, "ನಾನು ಇದನ್ನು ತೆಗೆದುಕೊಳ್ಳಲಾರೆ, ಬೇರೆ ಕೊಡಿ" ಎಂದೂ ಹೇಳಿದಳು. ನಾನು ಪಕ್ಕದಲ್ಲೇ ಇದ್ದೆ. ದಾದಿಯಮ್ಮ, "ಹಾಗಾದರೆ ಎಲ್ಲ ಬಗೆಯ ಆಹಾರ ತಿನ್ನಿ, ಸರಿಹೋಗುತ್ತೆ" ಎಂದು ಫೋನಿಟ್ಟರು. ನಿಮ್ಮ ಕಡತದಲ್ಲಿ "ಸಾಂಸ್ಕೃತಿಕ ಕಾರಣಗಳಿಂದ ನಿರಾಕರಿಸಿದ್ದಾರೆ" ಎಂಬ ಸುಂದರ ಸಾಲು ಹುಟ್ಟಿದ್ದು ಆ ಕ್ಷಣದಲ್ಲಿ. "ಬೇರೆ ಕೊಡಿ" ಎಂದದ್ದು ಎಲ್ಲಿ ಹೋಯಿತು? ಅದನ್ನು ಬರೆಯಲು ಲೇಖನಿಯಲ್ಲಿ ಶಾಯಿ ಮುಗಿದಿತ್ತೇ?

ಶಸ್ತ್ರಚಿಕಿತ್ಸೆ ಬೆಣ್ಣೆಯಿಂದ ಕೂದಲೆಳೆದ ಹಾಗೆ ಆಯಿತು. ಆ ವೈದ್ಯರ ಕೈಗೆ ಇವತ್ತಿಗೂ ನಾನು ಸಲಾಮು ಹೇಳುತ್ತೇನೆ. ವಾರದೊಳಗೆ ಇನ್ಸುಲಿನ್ ನಿಂತಿತು. ಒಂದು ಶುಕ್ರವಾರ ನಾನು ಕೆಲಸದಿಂದ ಬಂದಾಗ ಮುಮ್ತಾಜ್ ಕೋಣೆಯಲ್ಲಿ ಚಾಪೆ ಹಾಸಿ ನೆಲದ ಮೇಲೆ ನಮಾಜು ಮಾಡುತ್ತಿದ್ದಳು. ಮುಗಿಸಿ, ಮೊಣಕಾಲ ಮೇಲೆ ಕೈಯೂರಿ, ಎದ್ದು ನಿಂತಳು. ನನ್ನನ್ನು ನೋಡಿ ಬಾಯ್ತುಂಬ ನಕ್ಕಳು. ಮಗಳು ಸಹರ್ ಚಪ್ಪಾಳೆ ತಟ್ಟಿದಳು. ನಾನು ಬಾಗಿಲಲ್ಲೇ ನಿಂತು ಅತ್ತುಬಿಟ್ಟೆ.

ಆಮೇಲೆ ವಾಂತಿ ಶುರುವಾಯಿತು. ಮೊದಲು ಗಟ್ಟಿಯಾದದ್ದು ತಿಂದರೆ, ಆಮೇಲೆ ಮೆತ್ತಗಿನದು ತಿಂದರೂ. ಕೇಂದ್ರಕ್ಕೆ ಫೋನು. ಯಂತ್ರ ಪರ್ಸೋನ್‌ನುಮ್ಮರ್ ಕೇಳುತ್ತದೆ. ಈ ದೇಶದಲ್ಲಿ ನೀವು ಯಾರು ಎಂಬುದಕ್ಕೆ ಆ ಸಂಖ್ಯೆಯೇ ಉತ್ತರ, ಮನುಷ್ಯ ಆಮೇಲೆ. ಇಂಥ ಹೊತ್ತಿಗೆ ವಾಪಸ್ ಕರೆ ಮಾಡುತ್ತೇವೆ ಎನ್ನುತ್ತದೆ. ಕರೆ ಬರುತ್ತದೆ, ಪ್ರತಿಸಲ ಬೇರೆ ದನಿ. "ನಿಧಾನವಾಗಿ ತಿನ್ನಿ. ಚೆನ್ನಾಗಿ ಅಗಿಯಿರಿ. ಸಣ್ಣ ತುತ್ತು ತೆಗೆದುಕೊಳ್ಳಿ." ಅಗಿಯುವುದಕ್ಕೆ ಅವಳ ಬಾಯಲ್ಲಿ ಏನಿತ್ತು ಸ್ವಾಮಿ? ಆಗಲೇ ಅವಳು ಗಂಜಿಗೆ ಬಂದಿದ್ದಳು. ನಮ್ಮಲ್ಲಿ ಹೊಟ್ಟೆ ಕೆಟ್ಟರೆ, ಜ್ವರ ಬಂದರೆ, ಬಾಣಂತಿಗೆ, ಮುದುಕರಿಗೆ ಎಲ್ಲಕ್ಕೂ ಗಂಜಿ. ಗಂಜಿ ಕುಡಿದು ಯಾರಿಗಾದರೂ ಕೆಟ್ಟದ್ದಾಗುತ್ತದೆ ಎಂದು ನಮ್ಮ ತಾತ ಮುತ್ತಾತಂದಿರು ಕನಸಿನಲ್ಲೂ ನೆನೆಸಿರಲಿಕ್ಕಿಲ್ಲ. ಪಕ್ಕದ ಮನೆಯ ನಿವೇದಿತಾ, ಬೆಂಗಳೂರಿನವರು, ಅವರೂ ಸೋನಾ ಮಸೂರಿಯ ತಿಳಿಗಂಜಿ ಕಾಯಿಸಿ ಫ್ಲಾಸ್ಕಿನಲ್ಲಿ ತಂದುಕೊಡುತ್ತಿದ್ದರು. ಮುಮ್ತಾಜ್ ಗಂಜಿ ಕುಡಿದಳು, ಅರ್ಧ ವಾಂತಿ ಮಾಡಿದಳು, ಅರ್ಧ ಉಳಿಸಿಕೊಂಡಳು. ವಾರದ ಮೇಲೆ ವಾರ.

ಈಗ ನನಗೆ ಗೊತ್ತು. ಮೈಯಲ್ಲಿ ಥಯಾಮಿನ್ ಎಂಬ ಬಿ-ಒಂದು ವಿಟಮಿನ್ನಿನ ದಾಸ್ತಾನು ಕೆಲವೇ ವಾರಗಳಿಗೆ ಸಾಕಾಗುವಷ್ಟಿರುತ್ತದೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಅದು ಇಲ್ಲವೆಂದೇ ಹೇಳಬೇಕು. ವಾಂತಿಯಾದರೆ ಇದ್ದಬದ್ದದ್ದೂ ಖಾಲಿ. ಅದು ಖಾಲಿಯಾದರೆ ಮೆದುಳು ಸಾಯತೊಡಗುತ್ತದೆ. ಇದು ಹೊಸ ಸಂಶೋಧನೆಯಲ್ಲ, ವೈದ್ಯಕೀಯ ಪಠ್ಯಪುಸ್ತಕದಲ್ಲಿ ಇರುವ ವಿಷಯ. ನನಗೆ ಗೊತ್ತಿರಲಿಲ್ಲ, ನಾನು ಟ್ರಾನ್ಸ್‌ಫಾರ್ಮರ್ ಎಂಜಿನಿಯರ್. ನಿಮ್ಮವರಿಗೆ ಗೊತ್ತಿತ್ತು. ಫೋನಿನ ಆ ಕಡೆಯ ಅಷ್ಟೊಂದು ದನಿಗಳಲ್ಲಿ ಒಂದಾದರೂ, "ಅಮ್ಮಾ, ನೀನು ದಿನಾ ಏನು ತಿನ್ನುತ್ತಿದ್ದೀ? ಅದರಲ್ಲಿ ಹೊಟ್ಟೆಯಲ್ಲಿ ಎಷ್ಟು ಉಳಿಯುತ್ತಿದೆ?" ಎಂದು ಕೇಳಿದ್ದರೆ ಸಾಕಿತ್ತು. ಹೇಗೆ ತಿನ್ನಬೇಕೆಂದು ಎಲ್ಲರೂ ಹೇಳಿದರು. ಏನು ತಿನ್ನುತ್ತಿದ್ದೀ ಎಂದು ಒಬ್ಬರೂ ಕೇಳಲಿಲ್ಲ.

ಕೊನೆಗೆ ನೀರೂ ನಿಲ್ಲದಾದಾಗ ತುರ್ತು ಚಿಕಿತ್ಸೆಗೆ ಕರೆದುಕೊಂಡು ಹೋದೆ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ನಿಮಗೆ ಗೊತ್ತಿದೆ. ಅಲ್ಲಿ ಕೂತು ಕೂತು ಸರದಿ ಬಂದ ಮೇಲೆ ಯುವ ವೈದ್ಯರೊಬ್ಬರು ನೋಡಿ, ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದರು. "ಇವಳಿಗೆ ಹೊಟ್ಟೆಯ ಬೈಪಾಸ್ ಆಗಿದೆ, ವಾಂತಿ ನಿಂತಿಲ್ಲ" ಎಂದೆ. "ಗೊತ್ತು, ಕಂಪ್ಯೂಟರಿನಲ್ಲಿದೆ" ಎಂದರು. ಗ್ಲೂಕೋಸ್ ಏರಿಸಿದರು. ಬಾಟಲಿ ಮೇಲೆ ಬಾಟಲಿ. ಬಿ-ಒಂದು ಕೊಡದೆ ಅಂಥ ರೋಗಿಗೆ ಗ್ಲೂಕೋಸ್ ಏರಿಸಿದರೆ ಉಳಿದ ಚೂರುಪಾರೂ ಸುಟ್ಟುಹೋಗುತ್ತದೆ ಎಂಬುದೂ ಪಠ್ಯಪುಸ್ತಕದಲ್ಲಿದೆಯಂತೆ. ಮಾರನೆಯ ದಿನ, "ಈಗ ಚೆನ್ನಾಗಿ ಕಾಣುತ್ತಿದ್ದೀರಿ" ಎಂದು ಮನೆಗೆ ಕಳಿಸಿದರು. ಹೌದು, ಕೆನ್ನೆ ಸ್ವಲ್ಪ ತುಂಬಿತ್ತು.

ಎರಡು ದಿನಕ್ಕೆ ಮುಮ್ತಾಜ್ ನಡೆಯುವಾಗ ಕಾಲು ಅಗಲಿಸಿ ತೂರಾಡತೊಡಗಿದಳು. "ರೀ, ನೀವು ಇಬ್ಬಿಬ್ಬರು ಕಾಣ್ತಿದ್ದೀರಲ್ರೀ" ಎಂದಳು. ನಾನು ನಿಶ್ಶಕ್ತಿ ಎಂದುಕೊಂಡೆ. ಗಂಜಿ ತಂದ ನಿವೇದಿತಾ ಅವಳ ಮುಖ ಎತ್ತಿ ನೋಡಿ ಫ್ಲಾಸ್ಕು ಕೆಳಗಿಟ್ಟರು. "ಖಲೀಲ್ ಭಾಯ್, ಕಣ್ಣು ನೋಡಿ, ಒಂಥರಾ ಕುಣೀತಾ ಇದೆ. ಸುಮ್ನೆ ಕೂರ್ಬೇಡಿ, ಕಾರ್ ತೆಗೀರಿ" ಎಂದರು. ಈ ಸಲ ಬೇರೆ ಆಸ್ಪತ್ರೆಗೆ ಹೋದೆವು. ನರರೋಗ ತಜ್ಞೆಯೊಬ್ಬರು, ನಿವೃತ್ತಿಯ ಅಂಚಿನಲ್ಲಿದ್ದವರು, ಬಂದು ಮಂಚದ ಮೇಲೆ ಕೂತು ಮುಮ್ತಾಜಳ ಕೈ ಹಿಡಿದು ಮೊದಲು ಕೇಳಿದ್ದೇ, "ಏನು ತಿಂದಿದ್ದೀಯಮ್ಮಾ ಇಷ್ಟು ದಿನ?" ನಾನು "ಅಕ್ಕಿಯ ಗಂಜಿ" ಎಂದೆ. "ಬರೀ ಅಕ್ಕಿಯೇ? ವಿಟಮಿನ್?" "ಇಲ್ಲ." ಅವರು ತಟ್ಟನೆ ಎದ್ದರು. ಹೊರಗೆ ಹೋಗಿ ತಾವೇ ಬಿ-ಒಂದು ಔಷಧಿ ತಂದು ನರಕ್ಕೆ ಹಾಕಿಸಿದರು. ಕಣ್ಣು ಒಂದೆರಡು ದಿನದಲ್ಲಿ ಸರಿಯಾಯಿತು. ಮೂರು ತಿಂಗಳು ಆಸ್ಪತ್ರೆಯಲ್ಲಿದ್ದ ಮೇಲೆ ನಡಿಗೆ ಅರ್ಧ ಸರಿಯಾಯಿತು. ನೆನಪು ಹೋದದ್ದು ಹೋಯಿತು. ಜಠರ ಮತ್ತು ಕರುಳಿನ ಜೋಡಣೆ ಕಿರಿದಾಗಿ ವಾಂತಿಯಾಗುತ್ತಿತ್ತಂತೆ. ಬಾಯಿಂದ ಕೊಳವೆ ಇಳಿಸಿ, ಪುಟ್ಟ ಬಲೂನು ಉಬ್ಬಿಸಿ, ಮಧ್ಯಾಹ್ನದ ಊಟದೊಳಗೆ ಅದನ್ನು ಹಿಗ್ಗಿಸಿಬಿಟ್ಟರು. ವಾಂತಿ ಅವತ್ತೇ ನಿಂತಿತು! ಮೊದಲ ಫೋನಿಗೇ ಒಬ್ಬರು "ಬನ್ನಿ, ನೋಡೋಣ" ಎಂದಿದ್ದರೆ ಅಷ್ಟರಲ್ಲೇ ಮುಗಿಯುತ್ತಿದ್ದ ಕತೆ ಇದು. ಇನ್ನೂ ಕೇಳಿ. ಗೆಲಾಟಿನ್ ಇಲ್ಲದ ವಿಟಮಿನ್ ಬೇಕೆಂದಾಗ ಆ ವಾರ್ಡಿನವರು ಹೆಸರು ಬರೆದುಕೊಟ್ಟರು. ನಮ್ಮ ಬೀದಿಯ ಔಷಧಿ ಅಂಗಡಿಯಲ್ಲೇ ಇತ್ತು. ಆ ಹಾಳು ಡಬ್ಬಿಯನ್ನು ಕೊಂಡ ಕಪಾಟಿನಲ್ಲೇ, ಕೆಳಗಿನ ಸಾಲಿನಲ್ಲಿ. ಅದನ್ನು ಕೈಯಲ್ಲಿ ಹಿಡಿದು ಅಂಗಡಿಯ ನಡುವೆ ನಿಂತಾಗ ನನಗೆ ಆದ ಸಂಕಟ ನನ್ನ ಶತ್ರುವಿಗೂ ಬೇಡ. ನಿಮಗೆ ಬೇಕಾದರೆ ಬರಲಿ.

ಈಗ ಮುಮ್ತಾಜಳ ಲೆಕ್ಕದಲ್ಲಿ ನಾವು ಸ್ವೀಡನ್ನಿಗೆ ಬಂದೇ ಇಲ್ಲ. ಈ ವರ್ಷಗಳೆಲ್ಲ ಅವಳ ತಲೆಯಿಂದ ಒರೆಸಿಹೋಗಿವೆ. ಕಷ್ಟಪಟ್ಟು ಕಲಿತ ಸ್ವೀಡಿಷ್ ಹೋಯಿತು. ಸಹರ್‌ಗೆ ಈಗ ಹನ್ನೊಂದು. ಅಮ್ಮನ ಪಾಲಿಗೆ ಇನ್ನೂ ಅಂಗನವಾಡಿಗೆ ಹೋಗುವ ಮಗು. ಸಹರ್ ಅಭ್ಯಾಸಬಲದಿಂದ ಸ್ವೀಡಿಷ್‌ನಲ್ಲಿ ಏನಾದರೂ ಅಂದರೆ, "ಇದ್ಯಾವ ಭಾಷೆ ಕಲಿಸ್ತಿದ್ದಾರ್ರೀ ಸ್ಕೂಲಲ್ಲಿ?" ಎಂದು ನನ್ನನ್ನು ಕೇಳುತ್ತಾಳೆ. ಮಗಳು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಮುಮ್ತಾಜ್ ನಮಾಜು ಮಾಡುತ್ತಾಳೆ, ಮುಗಿಸಿ ಎದ್ದು, ಮಾಡಿದ್ದು ಮರೆತು, ಮತ್ತೆ ಚಾಪೆ ಹಾಸುತ್ತಾಳೆ. "ಆಯ್ತಲ್ಲ" ಎಂದರೆ "ಯಾವಾಗ?" ಎಂದು ಗಾಬರಿಯಾಗುತ್ತಾಳೆ. ಅದಕ್ಕೇ ನಾನು ಏನೂ ಹೇಳುವುದಿಲ್ಲ. ತೂರಾಡುತ್ತಾಳೆಂದು ಪಕ್ಕದಲ್ಲಿ ಕೂತಿರುತ್ತೇನೆ. ಡಾಗಿಸ್‌ನ ಕೆಲಸ ಹೋಯಿತು. ನಾನು ಅರ್ಧ ದಿನ ಕಾರ್ಖಾನೆಗೆ ಹೋಗುತ್ತೇನೆ, ಉಳಿದರ್ಧ ಕೊಮ್ಮೂನ್, ಅಂದರೆ ನಗರಸಭೆಯವರು, ಕಳಿಸುವ ಸಹಾಯಕಿಗೆ ಒಲೆಯ ಸ್ವಿಚ್ಚು ಎಲ್ಲಿ ಆರಿಸಿಡಬೇಕೆಂದು ಹೇಳಿಕೊಡುತ್ತೇನೆ.

ಈ ಸ್ಥಿತಿಯಲ್ಲಿ, ವರ್ಷ ತುಂಬಿದ ಮೇಲೆ, ನಿಮ್ಮ ಕೇಂದ್ರದಿಂದ ತಪಾಸಣೆಗೆ ಕರೆ ಬಂತು. ಹೋದೆವು. ಹೊಸ ದಾದಿ, ಒಳ್ಳೆಯ ಹುಡುಗಿ, ಅವಳ ಮೇಲೆ ನನಗೆ ಕೋಪವಿಲ್ಲ. ಮುಮ್ತಾಜಳನ್ನು ತಕ್ಕಡಿಯ ಮೇಲೆ ನಿಲ್ಲಿಸಿದಳು. ಬೀಳಬಾರದೆಂದು ನಾನು ಸೊಂಟ ಹಿಡಿದಿದ್ದೆ. "ಸ್ವಲ್ಪ ಕೈ ಬಿಡಿ, ತೂಕ ಸರಿಯಾಗಿ ಬರಬೇಕು" ಎಂದಳು. ಅಂಕಿ ನೋಡಿ, "ಫಂಟಾಸ್ಟಿಸ್ಕ್!" ಎಂದು ಕೈ ತಟ್ಟಿದಳು. ತೂಕ ಅದ್ಭುತ, ಸಕ್ಕರೆ ಅದ್ಭುತ, ರಕ್ತದೊತ್ತಡ ಅದ್ಭುತ. ಮುಮ್ತಾಜ್ ಅವಳನ್ನು ಅಕ್ಕರೆಯಿಂದ ನೋಡಿ ನನ್ನ ಕಡೆ ತಿರುಗಿ, "ಪಾಪ, ನಿಂತೇ ಇದ್ದಾರಲ್ರೀ. ಕೂರಿಸಿ. ಬಿರಿಯಾನಿ ಆಗಿದ್ರೆ ಮೊದಲು ಇವರಿಗೆ ಬಡಿಸಿ" ಎಂದಳು. ಅವಳ ಪಾಲಿಗೆ ಅದು ದಾವಣಗೆರೆಯ ಮದುವೆ ಮನೆ. "ಏನಂತಾರೆ?" ಎಂದು ದಾದಿ ಕೇಳಿದಳು. "ನಿಮಗೆ ಊಟವಾಯಿತೇ ಎಂದು ಕೇಳುತ್ತಿದ್ದಾಳೆ" ಎಂದೆ. "ಓ, ಎಷ್ಟು ಒಳ್ಳೆಯವರು!" ಎಂದು ಅವಳು ಕಂಪ್ಯೂಟರಿನ ಕಡೆ ತಿರುಗಿ ಇದ್ದ ಖಾನೆಗಳನ್ನೆಲ್ಲ ತುಂಬಿದಳು. ನೆನಪಿಗೆ ಖಾನೆ ಇರಲಿಲ್ಲ. ನಡಿಗೆಗೂ ಇರಲಿಲ್ಲ. ಹೀಗೆ ನನ್ನ ಹೆಂಡತಿ ಆ ಕೇಂದ್ರದ ವಾರ್ಷಿಕ ವರದಿಯಲ್ಲಿ ಯಶಸ್ವಿ ರೋಗಿಗಳ ಸಾಲಿಗೆ ಸೇರಿದಳು. ಅಭಿನಂದನೆಗಳು!

ಈಗ ನಿಮ್ಮ "ಸಾಂಸ್ಕೃತಿಕ ಕಾರಣ"ಕ್ಕೆ ಬರೋಣ. ಸ್ವಾಮಿ, ಜೀವ ಹೋಗುವ ಸಂದರ್ಭದಲ್ಲಿ ನಿಷಿದ್ಧವಾದದ್ದನ್ನೂ ತೆಗೆದುಕೊಳ್ಳಬಹುದೆಂದು ನಮ್ಮ ಧರ್ಮ ಸ್ಪಷ್ಟವಾಗಿ ಹೇಳುತ್ತದೆ. ಇದನ್ನು ತೆಗೆದುಕೊಳ್ಳದಿದ್ದರೆ ನಿನ್ನ ಮೆದುಳು ಹಾಳಾಗುತ್ತದೆ ಎಂದು ಒಬ್ಬರು ಅವಳಿಗೆ ಹೇಳಿದ್ದರೆ, ಬೇರೆ ಮಾತ್ರೆ ಸಿಗುವವರೆಗೆ ಮುಮ್ತಾಜ್ ಆ ಮಾತ್ರೆಯನ್ನು ಕಣ್ಮುಚ್ಚಿ ನುಂಗುತ್ತಿದ್ದಳು. ಯಾರು ಹೇಳಿದರು? "ಒಳ್ಳೆಯದು" ಎಂದರು. ಒಳ್ಳೆಯದಕ್ಕೂ ಅನಿವಾರ್ಯಕ್ಕೂ ನಿಮ್ಮ ಭಾಷೆಯಲ್ಲಿ ವ್ಯತ್ಯಾಸವಿಲ್ಲವೇ? ಹಂದಿಯ ರಕ್ತದ ಕಡುಬನ್ನು ಔಷಧಿಯೆಂದು ಬರೆದುಕೊಡುವುದು ಸಂಸ್ಕೃತಿಯಲ್ಲವೇ? ನಿಮ್ಮದಾದರೆ ಪಥ್ಯ, ನಮ್ಮದಾದರೆ ಸಂಸ್ಕೃತಿ! ಮತ್ತೆ, ವಿಟಮಿನ್ ಬಿಟ್ಟಿದ್ದಾಳೆಂದು ಅಷ್ಟು ಸ್ಪಷ್ಟವಾಗಿ ಬರೆದುಕೊಂಡಿದ್ದಿರಲ್ಲ, ಗೊತ್ತಿದ್ದೂ ವಾರಗಟ್ಟಲೆ ವಾಂತಿ ಮಾಡುವವಳಿಗೆ "ಚೆನ್ನಾಗಿ ಅಗಿಯಿರಿ" ಎಂದಿರಾ? ನಿಮ್ಮ ಸಮರ್ಥನೆ ಎಂದು ತೋರಿಸುತ್ತಿರುವ ಸಾಲೇ ನಿಮ್ಮ ಮೇಲಿನ ಆರೋಪ. ಅದನ್ನು ಬರೆದವರಿಗಾಗಲಿ, ಮುಕ್ತಾಯ ಎಂದು ಸಹಿ ಹಾಕಿದ ತಮಗಾಗಲಿ ಇದು ಹೊಳೆಯಲಿಲ್ಲವೆಂದರೆ ನಾನು ಏನು ಹೇಳಲಿ?

ನಾನು ಕೆಲಸ ಮಾಡುವ ಜಾಗದಲ್ಲಿ ಒಂದು ಪದ್ಧತಿಯಿದೆ. ಯಂತ್ರದೊಳಗೆ ಕೈ ಹಾಕುವವನು ಮೊದಲು ಸ್ವಿಚ್ಚು ಇಳಿಸಿ ಅದಕ್ಕೆ ತನ್ನ ಸ್ವಂತ ಬೀಗ ಹಾಕಿ, ಕೀಲಿ ಜೇಬಿಗೆ ಇಳಿಸುತ್ತಾನೆ. ಒಳಗೆ ನಾಲ್ವರಿದ್ದರೆ ನಾಲ್ಕು ಬೀಗ. ಕೊನೆಯವನು ಹೊರಗೆ ಬಂದು ತನ್ನ ಬೀಗ ತೆಗೆಯುವ ತನಕ ಮಾಲೀಕ ಬಂದರೂ ವಿದ್ಯುತ್ ಹರಿಸುವಂತಿಲ್ಲ. ಇದನ್ನು ನನಗೆ ಕಲಿಸಿದವರು ನೀವೇ, ಅಂದರೆ ಸ್ವೀಡನ್ನಿನವರು. ನಾವು ಊರಿನಲ್ಲಿದ್ದಾಗ ಕೂಗಿ ಹೇಳಿ ಕೆಲಸ ಮಾಡುತ್ತಿದ್ದೆವು. ಒಂದು ಟ್ರಾನ್ಸ್‌ಫಾರ್ಮರ್ ಸುಟ್ಟರೆ ಅದನ್ನು ಬಿಚ್ಚಿ, ಸುರುಳಿ ಸುರುಳಿ ಎಳೆದು, ಏಕೆ ಸುಟ್ಟಿತೆಂದು ತಿಳಿಯುವವರೆಗೆ ಬಿಡುವುದಿಲ್ಲ. "ಉಳಿದ ಟ್ರಾನ್ಸ್‌ಫಾರ್ಮರ್‌ಗಳೆಲ್ಲ ಚೆನ್ನಾಗಿವೆ, ಪ್ರಕರಣ ಮುಕ್ತಾಯ" ಎಂದು ನಾನು ಬರೆದರೆ ಮರುದಿನ ಗೇಟಿನಲ್ಲಿ ನನ್ನ ಕಾರ್ಡು ಕೆಲಸ ಮಾಡುವುದಿಲ್ಲ. ಕಬ್ಬಿಣ ತಾಮ್ರಕ್ಕೆ ಇರುವ ಈ ಮರ್ಯಾದೆ ನನ್ನ ಹೆಂಡತಿಗೆ ಏಕಿಲ್ಲ? ಅವಳ ವಾಂತಿ ನಿಲ್ಲುವ ತನಕ ಇವಳು ನನ್ನ ಹೊಣೆ ಎಂದು ಒಬ್ಬರ ಜೇಬಿನಲ್ಲಾದರೂ ಕೀಲಿ ಏಕಿರಲಿಲ್ಲ?

ಹಳೆಯ ಗಾಯ ಕೆರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಹೋದ ವಾರ ಸೊಲ್ಲೆಂಟುನಾ ಎಂಬ ಊರಿನಿಂದ ಶೋಭನಾ ಎಂಬ ಹೆಣ್ಣುಮಗಳು ಫೋನು ಮಾಡಿದ್ದರು. ನಮ್ಮ ಬಳಗದವರೇ. ಅದೇ ಕೇಂದ್ರದಲ್ಲಿ, ಅದೇ ಶಸ್ತ್ರಚಿಕಿತ್ಸೆಗೆ ಬರುವ ತಿಂಗಳು ದಿನ ಕೊಟ್ಟಿದ್ದಾರೆ. ಮೊಟ್ಟೆಯನ್ನೂ ಮುಟ್ಟದವರು. ಏಕಾದಶಿ ಉಪವಾಸದವರು. "ಖಲೀಲಣ್ಣ, ಮಾಹಿತಿ ಸಭೆ ಆಯ್ತು. ಮೀನು ರುಬ್ಬಿ ತಿನ್ನಿ ಅಂತ ಹಾಳೆ ಕೊಟ್ಟಿದ್ದಾರೆ. ನಾನೇನು, ಗಂಜಿ ಮೊಸರಲ್ಲಿ ಇದ್ದುಬಿಡ್ತೀನಿ. ಮಾಡಿಸಿಕೊಳ್ಳಲೋ ಬೇಡವೋ ಹೇಳಿ" ಎಂದರು. ಅದೇ ಹಾಳೆ! ಮುಮ್ತಾಜ್ ಮೂರು ತಿಂಗಳು ಆಸ್ಪತ್ರೆಯಲ್ಲಿ ಮಲಗಿದ ಮೇಲೂ, ನನ್ನ ಎರಡು ದೂರುಗಳ ಮೇಲೂ, ಒಂದಕ್ಷರ ಬದಲಾಗದ ಅದೇ ಹಾಳೆ. ಬೇಡ ಎಂದು ಹೇಳಲೇ? ಆಕೆಯ ಸಕ್ಕರೆ ಆಗಲೇ ಕಣ್ಣಿಗೆ ಇಳಿದಿದೆ, ಶಸ್ತ್ರಚಿಕಿತ್ಸೆ ಬೇಕೇ ಬೇಕು. ಮಾಡಿಸಿಕೊಳ್ಳಿ ಎಂದು ಹೇಳಲೇ? ಯಾವ ಬಾಯಲ್ಲಿ ಹೇಳಲಿ? ಇದಕ್ಕೆ ಉತ್ತರ ಕೊಡಬೇಕಾದವರು ನೀವು.

ಆದ್ದರಿಂದ ಕೇಳಿ, ಇದು ಬಿನ್ನಹವಲ್ಲ. ಶೋಭನಾ ಅವರು ಆ ಮೇಜಿನ ಮೇಲೆ ಮಲಗುವ ಮೊದಲು ಆ ಹಾಳೆ ಬದಲಾಗಬೇಕು. ವಿಟಮಿನ್ "ಒಳ್ಳೆಯದು" ಎಂಬ ಮಾತು ಹೊಡೆದುಹಾಕಿ, ಬಿಟ್ಟರೆ ಏನಾಗುತ್ತದೆಂದು ರೋಗಿಗೆ ತಿಳಿಯುವ ಭಾಷೆಯಲ್ಲಿ ಬರೆಯಿರಿ. ಮಾಂಸ ತಿನ್ನದವರು, ಹಂದಿ ತಿನ್ನದವರು ಯಾವ ಮಾತ್ರೆ ಕೊಳ್ಳಬೇಕೆಂದು ಹೆಸರು ಸಮೇತ ಹೇಳಿ. ಬೈಪಾಸ್ ಆದವರು ವಾಂತಿ ನಿಲ್ಲುತ್ತಿಲ್ಲವೆಂದು ಫೋನು ಮಾಡಿದರೆ ಅಗಿಯುವ ಪಾಠ ಬೇಡ, ಕರೆಸಿ ನೋಡಿ. ತುರ್ತು ವಿಭಾಗದಲ್ಲಿ ಅಂಥವರಿಗೆ ಗ್ಲೂಕೋಸಿಗಿಂತ ಮೊದಲು ಬಿ-ಒಂದು ಹೋಗಲೇಬೇಕು, ಇದು ವೈದ್ಯರ ಇಷ್ಟಾನಿಷ್ಟದ ವಿಷಯವಾಗಬಾರದು. ವರ್ಷದ ತಪಾಸಣೆಯಲ್ಲಿ ತೂಕದ ಜೊತೆಗೆ ಮನುಷ್ಯ ನಡೆಯುತ್ತಾನೆಯೇ, ಅವನಿಗೆ ನೆನಪಿದೆಯೇ ಎಂದೂ ನೋಡಿ. ತಪಾಸಣೆಗೆ ಬಾರದವರ ಮನೆಗೆ ಫೋನು ಮಾಡಿ, ಚೆನ್ನಾಗಿರುವವರೇ ಬಾರದಿರುತ್ತಾರೆ ಎಂದು ನೀವು ನಂಬಿದ್ದರೆ ಅದು ನಿಮ್ಮ ಭ್ರಮೆ. ಮತ್ತು ಮುಮ್ತಾಜಳ ಪ್ರಕರಣವನ್ನು ಮತ್ತೆ ತೆರೆಯಿರಿ. ಅವಳನ್ನು ಯಶಸ್ಸಿನ ಸಾಲಿನಿಂದ ತೆಗೆದು ಹಾನಿಯಾದವರ ಸಾಲಿನಲ್ಲಿ ಬರೆಯಿರಿ. ಅಂಥ ಸಾಲೇ ಇಲ್ಲವೆಂದಾದರೆ ಅವಳಿಂದಲೇ ಶುರುವಾಗಲಿ.

ಇಷ್ಟನ್ನೂ ನಿಮಗೆ ಕಳಿಸುವ ಮೊದಲು, ಅವಳ ವಿಷಯವನ್ನು ಅವಳಿಗೆ ಹೇಳದೆ ಊರಿಗೆಲ್ಲ ಹೇಳುವುದು ತಪ್ಪೆನಿಸಿ, ಇವತ್ತು ಬೆಳಿಗ್ಗೆ ಮುಮ್ತಾಜಳನ್ನು ಎದುರಿಗೆ ಕೂರಿಸಿಕೊಂಡು ಪೂರ್ತಿ ಓದಿದೆ. ಚಹಾ ಆರಿಹೋದರೂ ಅಲುಗದೆ ಕೇಳಿದಳು. ನಡುವೆ ಎರಡು ಸಲ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುಗಿದ ಮೇಲೆ, "ಪಾಪ, ಹೆಸರೂ ನನ್ನದೇ" ಎಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಯಾರ ಮನೆಯ ಹೆಣ್ಣೋ ಏನೋ. ರೀ, ಅವಳ ಗಂಡನಿಗೆ ಹೇಳಿ, ಇವರನ್ನು ಸುಮ್ಮನೆ ಬಿಡಬಾರದು ಅಂತ" ಎಂದಳು.

ಇಂತಿ,
ಹೆಂಡತಿ ಹೇಳಿದ ಮಾತನ್ನು ತಾನೇ ತನಗೆ ತಲುಪಿಸಿಕೊಂಡಿರುವ ಆ ಗಂಡ,
ಖಲೀಲುಲ್ಲಾ
ವೆಸ್ಟೆರಾಸ್, ೨೦೦೯ರ ಅಕ್ಟೋಬರ್